ನೆತ್ತಿಯಿಂದ ಮಗ್ಗುಲಿಗೆ: ಮಲೆನಾಡಿನ ಒಂದು ವೀಕ್ಷಣಾ ಗೋಪುರದ ವಿನ್ಯಾಸ – ಪ್ರಕರಣ ಅಧ್ಯಯನ

ಪಶ್ಚಿಮ ಘಟ್ಟದ ಅಂಚಿನ ಒಂದು ಊರಿನಲ್ಲಿ ಗುಡ್ಡದ ನೆತ್ತಿಯ ಮೇಲೆ ಏಳಬೇಕಿದ್ದ ವೀಕ್ಷಣಾ ಗೋಪುರ ಕೊನೆಗೆ ಅದೇ ಗುಡ್ಡದ ಮಗ್ಗುಲಲ್ಲಿ, ಮರಗಳ ನಡುವೆ, ಮೂಲ ಯೋಜನೆಗಿಂತ ಗಿಡ್ಡವಾಗಿ ನಿಂತಿತು. ಅದು ಹೇಗಾಯಿತು, ಯಾವ ಹಂತದಲ್ಲಿ ಯಾವ ತೀರ್ಮಾನ ಬದಲಾಯಿತು ಎಂಬುದನ್ನು ಇಂಥ ಕೆಲಸಕ್ಕೆ ಕೈಹಾಕುವ ವಾಸ್ತುಶಿಲ್ಪಿಗಳಿಗೆ, ಎಂಜಿನಿಯರುಗಳಿಗೆ ಮತ್ತು ಗ್ರಾಮ ಸಮಿತಿಗಳಿಗೆ ಉಪಯೋಗವಾಗಲೆಂದು ಇಲ್ಲಿ ದಾಖಲಿಸಿದ್ದೇನೆ. ನಾನು ವಿನ್ಯಾಸ ತಂಡದಲ್ಲಿದ್ದವನು. ಊರು, ಗುಡ್ಡ, ಇಲಾಖೆ, ವ್ಯಕ್ತಿಗಳು ಯಾವುದರ ಗುರುತೂ ಸಿಗದಂತೆ ವಿವರಗಳನ್ನು ಮರೆಮಾಡಿದ್ದೇನೆ. ಅದೇ ಕಾರಣಕ್ಕೆ ಅಳತೆಗಳನ್ನೂ ತುಸು ಹಿಂದೆಮುಂದೆ ಮಾಡಿದ್ದೇನೆ.

ಹಿನ್ನೆಲೆ

ಈ ಗುಡ್ಡದ ಮೇಲ್ಭಾಗ ಬೋಳು ಹುಲ್ಲುಗಾವಲು. ಇಳಿಜಾರಿನ ಮಡಿಕೆಗಳಲ್ಲಿ, ನೀರು ಹರಿದು ಬರುವ ಕಡೆಗಳಲ್ಲಿ ಮಾತ್ರ ದಟ್ಟವಾದ ಕಾಡು ಉಳಿದಿದೆ. ಧೂಪ, ನಂದಿ, ಹೆಬ್ಬಲಸು, ಉಪ್ಪಾಗೆ, ಬೈನೆ, ಅಲ್ಲಲ್ಲಿ ದೊಡ್ಡ ಗೋಳಿಮರಗಳು. ಕೆಳಗೆ ಕಣಿವೆಯಲ್ಲಿ ಅಡಿಕೆ ತೋಟಗಳು, ಅವುಗಳ ಅಂಚಿಗೆ ಹತ್ತಿಪ್ಪತ್ತು ಮನೆಗಳು. ಸೂರ್ಯಾಸ್ತ ನೋಡಲು ಬರುವ ಪ್ರವಾಸಿಗರ ಸಂಖ್ಯೆ ಕೆಲವು ವರ್ಷಗಳಿಂದ ಏರುತ್ತಲೇ ಇತ್ತು. ವಾಹನಗಳು ಹುಲ್ಲುಗಾವಲಿನ ಮೇಲೆಯೇ ಹತ್ತಿ, ಒಂದು ಗಾಲಿಯ ಜಾಡು ಕೆಸರಾದಾಗ ಪಕ್ಕದಲ್ಲಿ ಇನ್ನೊಂದು ಜಾಡು ಬಿದ್ದು, ಮಳೆಗಾಲದಲ್ಲಿ ಆ ಜಾಡುಗಳೇ ಕೊರಕಲುಗಳಾಗಿ ಮಣ್ಣು ತೋಟಗಳಿಗೆ ಇಳಿಯುತ್ತಿತ್ತು. ಜನರನ್ನು ಒಂದೇ ಕಡೆ ಕೂಡಿಸಿದರೆ ಉಳಿದ ಗುಡ್ಡವಾದರೂ ಉಳಿಯುತ್ತದೆ ಎಂಬ ಆಲೋಚನೆಯಿಂದ ಗೋಪುರದ ಪ್ರಸ್ತಾವ ಹುಟ್ಟಿತು. ಆ ಆಲೋಚನೆ ಸರಿಯಾಗಿಯೇ ಇತ್ತು ಎಂದು ನಾನು ಈಗಲೂ ನಂಬುತ್ತೇನೆ. ತೊಡಕು ಇದ್ದದ್ದು ಅದಕ್ಕೆ ಕೊಟ್ಟ ರೂಪದಲ್ಲಿ.

ಮೊದಲ ಯೋಜನೆ ಮತ್ತು ಅದಕ್ಕೆ ಎದುರಾದ ಪ್ರಶ್ನೆಗಳು

ನಮ್ಮ ಕೈಗೆ ಬಂದ ಮೊದಲ ನಕ್ಷೆಯಲ್ಲಿ ನೆತ್ತಿಯ ಮೇಲೆ 30 ಮೀಟರ್ ಎತ್ತರದ ಕಾಂಕ್ರೀಟ್ ಗೋಪುರ, ಅದರ ತುದಿಯಲ್ಲಿ ಸುತ್ತಲೂ ಗಾಜು ಹಾಕಿದ ಕೋಣೆ, ಬುಡದವರೆಗೆ ಡಾಂಬರು ರಸ್ತೆ ಇದ್ದವು. ಇದರ ಜೊತೆಗೆ ಡೆನ್ಮಾರ್ಕಿನ ಕಾಡಿನ ಗೋಪುರವೊಂದರ ಚಿತ್ರಗಳೂ ಯೋಜನೆ ನೋಡಿಕೊಳ್ಳುತ್ತಿದ್ದ ಸಮಿತಿಯ ಮೇಜಿನ ಮೇಲಿದ್ದವು. ಕೋಪನ್‌ಹೇಗನ್‌ನಿಂದ ದಕ್ಷಿಣಕ್ಕೆ ಸುಮಾರು ಒಂದು ಗಂಟೆಯ ದಾರಿಯಲ್ಲಿ 2019ರಲ್ಲಿ ತೆರೆದ, 45 ಮೀಟರ್ ಎತ್ತರದ, ನಡುವೆ ಸೊಂಟದಂತೆ ಸಣ್ಣಗಾಗಿ ಮೇಲೆ ಮತ್ತೆ ಅರಳುವ ಆ ಗೋಪುರದಲ್ಲಿ ಮೆಟ್ಟಿಲಿನ ಬದಲು ಸುರುಳಿಯಾಗಿ ಏರುವ ಇಳಿಜಾರು ದಾರಿಯಿದೆ. ಗಾಲಿಕುರ್ಚಿಯಲ್ಲಿ ಬಂದವರೂ ಮರಗಳ ಬುಡದಿಂದ ತುದಿಯವರೆಗೆ ಸಾಗಬಹುದು. ಅದರಿಂದ ಕಲಿಯಬೇಕಾದದ್ದು ಬಹಳವಿತ್ತು. ಆದರೆ ಸಮಿತಿಯ ಕಣ್ಣಿಗೆ ಬಿದ್ದದ್ದು ಅದರ ಎತ್ತರ ಮತ್ತು ಆಕಾರ ಮಾತ್ರ.

ಯೋಜನೆಯನ್ನು ಒಪ್ಪುವ ಮೊದಲು ನಾವು ಒಂದು ಸರಳ ಪರೀಕ್ಷೆ ಮಾಡಿದೆವು. ಗೋಪುರ ನಿಲ್ಲುವ ಜಾಗದಲ್ಲಿ ಬಣ್ಣದ ದೊಡ್ಡ ಬಲೂನೊಂದನ್ನು 30 ಮೀಟರ್ ದಾರಕ್ಕೆ ಕಟ್ಟಿ, ಗಾಳಿಯಿಲ್ಲದ ಬೆಳಗಿನ ಹೊತ್ತು ಮೇಲಕ್ಕೆ ಬಿಟ್ಟು, ಸುತ್ತಲಿನ ಊರುಗಳಿಂದ, ರಸ್ತೆಯ ತಿರುವುಗಳಿಂದ, ಎದುರು ಗುಡ್ಡದ ದೇವರ ಬನದ ಮುಂದಿನಿಂದ ಅದು ಎಲ್ಲೆಲ್ಲಿ ಕಾಣುತ್ತದೆಂದು ಗುರುತು ಹಾಕಿಕೊಂಡೆವು. ಕಾಣದ ಜಾಗವೇ ಇರಲಿಲ್ಲ. ಒಬ್ಬ ಪ್ರವಾಸಿ ಮೇಲೆ ನಿಂತು ಭೂದೃಶ್ಯವನ್ನು ನೋಡುವುದಕ್ಕಾಗಿ ಇಡೀ ಕಣಿವೆಯ ಭೂದೃಶ್ಯದಲ್ಲಿ ಒಂದು ಕಾಂಕ್ರೀಟ್ ಕಂಬ ಸದಾ ಇರಬೇಕಾಗುತ್ತಿತ್ತು. ವೆಚ್ಚ ಕಡಿಮೆಯ, ಯಾರಿಗೂ ಅರ್ಥವಾಗುವ ಈ ಪರೀಕ್ಷೆಯನ್ನು ಇಂಥ ಯಾವುದೇ ಕಟ್ಟಡಕ್ಕೆ ಮೊದಲೇ ಮಾಡಿಬಿಡಬೇಕು. ಗಣಕಯಂತ್ರದ ಚಿತ್ರ ನೋಡಿ ತಲೆದೂಗುವವರು ಬಲೂನು ನೋಡಿ ಮಾತಾಡತೊಡಗುತ್ತಾರೆ.

ಮಾತು ಬಂದದ್ದು ಗ್ರಾಮಸಭೆಯಲ್ಲಿ. ಬನದ ದೇವರಿಗಿಂತ ಎತ್ತರದಲ್ಲಿ ಜನ ಚಪ್ಪಲಿ ಹಾಕಿಕೊಂಡು ನಿಲ್ಲುವುದು ಸರಿಯೇ ಎಂಬ ಪ್ರಶ್ನೆ ಮೊದಲು ಎದ್ದಿತು. ಅದರ ಬೆನ್ನಿಗೆ ಕಣಿವೆಯ ಅಂಚಿನ ಮನೆಯ ಅಜ್ಜಿಯೊಬ್ಬರು, "ಮೇಲೆ ನಿಂತವ್ರಿಗೆ ನಮ್ಮ ಹಿತ್ಲು, ಬಚ್ಚಲು ಎಲ್ಲಾ ಕಾಣ್ತದಲ್ಲ ಮಗಾ, ನಾವು ಬಟ್ಟೆ ಒಗ್ಯೂದು ಎಲ್ಲಿ?" ಎಂದು ಕೇಳಿದರು. ವಿನ್ಯಾಸದ ಕಡತದಲ್ಲಿ ಗಾಳಿಯ ಒತ್ತಡ, ಮಣ್ಣಿನ ತಾಳಿಕೆ, ದೃಶ್ಯದ ಕೋನ ಎಲ್ಲ ಇದ್ದವು. ಆ ದೃಶ್ಯದೊಳಗೆ ಬದುಕುವವರ ಮರ್ಯಾದೆಯ ಬಗ್ಗೆ ಒಂದು ಸಾಲೂ ಇರಲಿಲ್ಲ. ಗೋಪುರವೆಂದರೆ ನೋಡುವ ಹಕ್ಕನ್ನು ಹೊರಗಿನವರಿಗೆ ಕೊಡುವುದು. ನೋಡಿಸಿಕೊಳ್ಳುವವರನ್ನು ಕೇಳದೆ ಅದನ್ನು ಕೊಡಲಾಗದು.

ಮೂರನೆಯ ಪ್ರಶ್ನೆ ಕೇಳಿದವರು ಅದೇ ಕಾಡಿನಲ್ಲಿ ವರ್ಷಾನುಗಟ್ಟಲೆ ಓಡಾಡಿದ ವಾಚರ್ ಒಬ್ಬರು. "ಮಳೆಗಾಲ ನಾಕು ತಿಂಗ್ಳು ಮಂಜು ಬಿಟ್ರೆ ಇಲ್ಲಿ ಏನೂ ಕಾಣೂದಿಲ್ಲ ಸಾರ್. ಆಗ ಬಂದವ್ರಿಗೆ ಏನು ತೋರಿಸ್ತೀರಿ?" ಈ ಪ್ರಕರಣದ ನಿಜವಾದ ತಿರುವು ಈ ಮಾತೇ. ಆಗುಂಬೆಯಂಥ ಕಡೆ ವರ್ಷಕ್ಕೆ 7,000 ಮಿಲಿಮೀಟರ್ ದಾಟುವ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ನಮ್ಮ ಗುಡ್ಡದ್ದೂ ಹೆಚ್ಚುಕಡಿಮೆ ಅದೇ ಹವೆ. ಮಲೆನಾಡು ಅತ್ಯಂತ ಜೀವಂತವಾಗಿರುವ ಕಾಲದಲ್ಲಿ, ಪಾಚಿ ಉಬ್ಬಿ, ಕೊಂಬೆಗಳ ಮೇಲೆ ಸೀತಾಳೆ ಹೂ ಮುಗಿಯುತ್ತಾ ಜರೀಗಿಡ ಚಿಗುರುವ ಹೊತ್ತಿನಲ್ಲಿ, ದೂರದ ನೋಟಕ್ಕಾಗಿ ಕಟ್ಟಿದ ಗೋಪುರ ಬಿಳಿ ಗೋಡೆಗೆ ಮುಖಮಾಡಿ ನಿಂತಿರುತ್ತದೆ. ಹಾಗಾದರೆ ಹತ್ತಿರದ್ದನ್ನು ತೋರಿಸುವ ಗೋಪುರ ಏಕೆ ಬೇಡ?

ಜಾಗ ಬದಲಾದದ್ದು

ಈ ಪ್ರಶ್ನೆ ಹಿಡಿದು ನಾವು ನೆತ್ತಿಯನ್ನು ಬಿಟ್ಟು ಕೆಳಗಿಳಿದೆವು. ಹುಲ್ಲುಗಾವಲು ಮುಗಿದು ಕಾಡು ಶುರುವಾಗುವ ಅಂಚಿನಲ್ಲಿ, ಕಂದಾಯ ಭೂಮಿಯ ಗಡಿಯೊಳಗೇ, ಹಿಂದೆ ಸೊಪ್ಪು ಕಡಿದು ಬರಿದಾಗಿದ್ದ ಒಂದು ಇಳಿಜಾರು ಸಿಕ್ಕಿತು. ಅಲ್ಲಿ ನೆಲ ಬಹಳ ಕಡಿದಾಗಿ ಇಳಿಯುವುದರಿಂದ, ಮೇಲಿನ ಅಂಚಿನಲ್ಲಿ ನಿಂತವರ ಕಣ್ಣ ನೇರಕ್ಕೆ ಕೆಳಗಿನ ಮರಗಳ ನಡುಭಾಗ ಬರುತ್ತಿತ್ತು. ಇಳಿಜಾರಿನ ಬುಡದಿಂದ 22 ಮೀಟರ್ ಎತ್ತರದ ಗೋಪುರವೊಂದನ್ನು ನಿಲ್ಲಿಸಿ, ಮೇಲಿನ ಅಂಚಿನಿಂದ ಮಟ್ಟಸವಾದ ಒಂದು ಸೇತುವೆಯನ್ನು ಅದರ 9ನೇ ಮೀಟರಿನ ಅಟ್ಟಣಿಗೆಗೆ ಕೂಡಿಸಿದರೆ, ಒಂದು ಮೆಟ್ಟಿಲನ್ನೂ ಹತ್ತದೆ ಮರಗಳ ಮಧ್ಯಕ್ಕೆ ಹೋಗಿ ನಿಲ್ಲಬಹುದು. ಡೆನ್ಮಾರ್ಕಿನವರು ನೂರಾರು ಮೀಟರ್ ಉದ್ದದ ಸುರುಳಿದಾರಿಯಿಂದ ಸಾಧಿಸಿದ್ದನ್ನು ನಮ್ಮ ಗುಡ್ಡದ ಓರೆಯೇ ಕೊಡುತ್ತಿತ್ತು. ಮೊಣಕಾಲು ನೋವಿನ ಹಿರಿಯರಿಗೆ, ಗಾಲಿಕುರ್ಚಿಯವರಿಗೆ, ಎಳೆಗೂಸು ಎತ್ತಿಕೊಂಡ ತಾಯಂದಿರಿಗೆ ಕಾಡಿನ ನಡುಮನೆ ಸಿಕ್ಕಂತಾಯಿತು. ಅಲ್ಲಿಂದ ಬೇಕಾದವರು ಮೇಲೇರಬಹುದು, ಬೇಕಾದವರು ಕೆಳಗಿಳಿದು ಕಾಡಿನ ನೆಲ ಮುಟ್ಟಬಹುದು.

ಗೋಪುರದ ನೆತ್ತಿಯ ಅಟ್ಟಣಿಗೆ ಸುತ್ತಲಿನ ಮರಗಳ ತುದಿಗಿಂತ ಮೇಲೆ ಹೋಗಬಾರದು ಎಂಬುದನ್ನು ನಿಯಮ ಮಾಡಿಕೊಂಡೆವು. ಬಲೂನು ಮತ್ತೆ ಹಾರಿತು. ಈ ಬಾರಿ ಅದು ಕಂಡದ್ದು ಎದುರು ಗುಡ್ಡದ ಒಂದೇ ತಿರುವಿನಿಂದ. ಮನೆಗಳಿರುವ ದಿಕ್ಕಿಗೆ ಅಟ್ಟಣಿಗೆಗಳ ಒಂದು ಮಗ್ಗುಲನ್ನು ಆಳೆತ್ತರದ ಮರದ ಪಟ್ಟಿಗಳಿಂದ ಮುಚ್ಚಿ, ಮೆಟ್ಟಿಲನ್ನು ಅದೇ ಮಗ್ಗುಲಿಗೆ ತಂದೆವು. ಹೀಗೆ ಮರೆ ಎಂಬುದು ಬೇಲಿಯಂತೆ ಕಾಣದೆ ಕಟ್ಟಡದ ಬೆನ್ನಾಯಿತು. ಅಜ್ಜಿಯನ್ನೂ ಆ ಮನೆಗಳ ಇನ್ನಿಬ್ಬರು ಹೆಂಗಸರನ್ನೂ ಕರೆದು, ಅವರವರ ಹಿತ್ತಲಿನಲ್ಲಿ ನಿಲ್ಲಿಸಿ, ಬಲೂನು ಕಾಣುತ್ತದೆಯೇ ಎಂದು ಕೇಳಿಯೇ ಪಟ್ಟಿಗಳ ಎತ್ತರ ನಿಗದಿ ಮಾಡಿದ್ದು.

ಸಮಿತಿಯನ್ನು ಒಪ್ಪಿಸುವುದು ಸುಲಭವಾಗಲಿಲ್ಲ. ಎತ್ತರ ಕಡಿಮೆಯಾದರೆ ಹೆಸರು ಕಡಿಮೆಯಾಗುತ್ತದೆ ಎಂಬ ಭಾವನೆ ಬಲವಾಗಿತ್ತು. ನಕ್ಷೆಗಳಿಂದ ಆಗದ ಕೆಲಸವನ್ನು ಬಾಡಿಗೆಗೆ ತಂದ ಕಬ್ಬಿಣದ ಸಾರುವೆ ಮಾಡಿತು. ಗೋಪುರ ನಿಲ್ಲುವ ಜಾಗದ ಪಕ್ಕದಲ್ಲಿ ನಡು ಅಟ್ಟಣಿಗೆಯ ಮಟ್ಟಕ್ಕೆ ಸಾರುವೆ ಕಟ್ಟಿ ಸಮಿತಿಯ ಸದಸ್ಯರನ್ನು ಸಂಜೆ ಅಲ್ಲಿಗೆ ಕರೆದೊಯ್ದೆವು. ಎದುರಿನ ನಂದಿಮರದ ಕಾಂಡದ ಮೇಲೆ ತೊಗಟೆಯ ಬಣ್ಣಕ್ಕೇ ಅಂಟಿಕೊಂಡಿದ್ದ ಹಾರುವ ಓತಿಯೊಂದು ಗಂಟಲಿನ ಹಳದಿ ಚೀಲವನ್ನು ಬಿಚ್ಚಿ ಮಡಚಿ ಮಾಡುತ್ತಿದ್ದದ್ದು ಮೊದಲು ಕಂಡದ್ದು ಸದಸ್ಯರೊಬ್ಬರ ಜೊತೆ ಬಂದಿದ್ದ ಹುಡುಗಿಗೆ. ಎಲ್ಲರೂ ಅದನ್ನೇ ಹುಡುಕುತ್ತಿರುವಾಗ ಓತಿ ಪಕ್ಕೆಯ ಚರ್ಮ ಹರಡಿ, ನಮ್ಮ ಕಾಲಿನ ಮಟ್ಟಕ್ಕಿಂತ ಕೆಳಗೆ ಇನ್ನೊಂದು ಮರಕ್ಕೆ ತೇಲಿ ಇಳಿಯಿತು. ನೆಲದಲ್ಲಿ ನಿಂತರೆ ಕತ್ತೆತ್ತಿ ನೋಡಬೇಕಾದ, 30 ಮೀಟರ್ ಮೇಲೆ ನಿಂತರೆ ಕಾಣಲೇ ಕಾಣದ ಸಂಗತಿ ಅದು. ಆ ಸಂಜೆಯ ಬಳಿಕ ಎತ್ತರದ ಚರ್ಚೆ ಮತ್ತೆ ಬರಲಿಲ್ಲ.

ನೆಲ, ಉಕ್ಕು, ಕಾಲಡಿ

ಪರೀಕ್ಷಾ ಗುಂಡಿ ತೋಡಿದಾಗ ಮೇಲೆ ಗಟ್ಟಿ ಜಂಬಿಟ್ಟಿಗೆ ಸಿಕ್ಕಿತು. ಬುನಾದಿಗೆ ಇಷ್ಟು ಸಾಕೆಂದು ಗುತ್ತಿಗೆದಾರರು ಹೇಳಿದರು. ಆದರೆ ಜಂಬಿಟ್ಟಿಗೆಯ ಸ್ವಭಾವವೇ ಹಾಗೆ: ಮೇಲಿನ ಹೊದಿಕೆ ಕಲ್ಲಿನಂತಿದ್ದು, ಕೆಳಗೆ ಹೋದಂತೆ ಬೆರಳಿಗೆ ಮೆತ್ತುವ ಜೇಡಿ ಸಿಗುತ್ತದೆ, ಮಳೆಗಾಲದಲ್ಲಿ ಅದರೊಳಗೆ ನೀರು ಹರಿಯುತ್ತದೆ. ಇನ್ನೂ ಆಳಕ್ಕೆ ತೋಡಿಸಿದಾಗ ಅದೇ ಸಿಕ್ಕಿತು. ಇಳಿಜಾರನ್ನು ಅಗೆದು ಮಟ್ಟ ಮಾಡುವ ಬದಲು, ಒಂದೊಂದು ಕಾಲಿಗೂ ಬೇರೆಬೇರೆ ಆಳದ ಬುನಾದಿ ಕೊಟ್ಟು, ನೀರಿನ ಹಾದಿಯನ್ನು ಇದ್ದಂತೆಯೇ ಬಿಟ್ಟೆವು. ಮಲೆನಾಡಿನ ಗುಡ್ಡಗಳಲ್ಲಿ ಕುಸಿತ ಶುರುವಾಗುವುದು ಬಹಳ ಸಲ ಹಾಗೆ ಅಗೆದು ಕಡಿದ ಅಂಚುಗಳಲ್ಲಿಯೇ.

ಚಿತ್ರಗಳಲ್ಲಿ ಚೆನ್ನಾಗಿ ಕಾಣುವ ಕಂದುಬಣ್ಣದ ಕಾರ್ಟೆನ್ ಉಕ್ಕನ್ನು ಕೈಬಿಟ್ಟ ಕಾರಣವನ್ನೂ ಹೇಳಬೇಕು. ಆ ಉಕ್ಕು ತನ್ನ ಮೇಲ್ಮೈಯ ತುಕ್ಕನ್ನೇ ಕವಚ ಮಾಡಿಕೊಳ್ಳುತ್ತದೆ, ಆದರೆ ಆ ಕವಚ ಗಟ್ಟಿಯಾಗಲು ಮೇಲ್ಮೈ ನೆನೆದು ಒಣಗಿ, ನೆನೆದು ಒಣಗಿ ಆಗಬೇಕು. ತಿಂಗಳುಗಟ್ಟಲೆ ಒಣಗದ ಜಾಗದಲ್ಲಿ ತುಕ್ಕು ಒಳಕ್ಕೆ ತಿನ್ನುತ್ತಲೇ ಹೋಗುತ್ತದೆ. ಬದಲಿಗೆ ಸಾಮಾನ್ಯ ಉಕ್ಕಿಗೆ ಕಾರ್ಖಾನೆಯಲ್ಲಿಯೇ ಕರಗಿದ ಸತುವಿನಲ್ಲಿ ಅದ್ದಿ ಲೇಪ ಕೊಡಿಸಿ, ಜಾಗದಲ್ಲಿ ಬೋಲ್ಟು ಮಾತ್ರ ಬಿಗಿಯುವಂತೆ ಎಲ್ಲ ಕೂಡುಗಳನ್ನೂ ರೂಪಿಸಿದೆವು. ವೆಲ್ಡಿಂಗ್ ಮಾಡಿದರೆ ಆ ಜಾಗದ ಲೇಪ ಸುಟ್ಟುಹೋಗುತ್ತದೆ. ಪ್ರತಿಯೊಂದು ತುಂಡೂ ನಾಲ್ಕು ಜನ ಹೆಗಲ ಮೇಲೆ ಹೊರುವಷ್ಟೇ ತೂಕವಿರಬೇಕೆಂಬ ಷರತ್ತು ಹಾಕಿದ್ದರಿಂದ ಕ್ರೇನ್ ಬೇಕಾಗಲಿಲ್ಲ, ಕ್ರೇನ್ ಬರಲು ರಸ್ತೆಯೂ ಬೇಕಾಗಲಿಲ್ಲ. ಬುಡದವರೆಗಿನ ಡಾಂಬರು ರಸ್ತೆ ಯೋಜನೆಯಿಂದ ಬಿದ್ದುಹೋದದ್ದು ಯಾರ ವಾದದಿಂದಲೂ ಅಲ್ಲ, ಈ ಒಂದು ಷರತ್ತಿನಿಂದ. ವಾಹನಗಳು ಈಗ ಊರಿನ ಹೊರಗೇ ನಿಲ್ಲುತ್ತವೆ, ಅಲ್ಲಿಂದ ನಡೆದೇ ಬರಬೇಕು.

ಜನ ಒತ್ತಾಗಿ ನಿಲ್ಲುವ ಅಟ್ಟಣಿಗೆಗೆ ಭಾರತೀಯ ಮಾನಕ ಐಎಸ್ 875 ಹೇಳುವಂತೆ ಚದರ ಮೀಟರಿಗೆ 5 ಕಿಲೋನ್ಯೂಟನ್, ಅಂದರೆ ಸುಮಾರು 500 ಕೆ.ಜಿ. ಭಾರ ಹಿಡಿದು ಲೆಕ್ಕ ಮಾಡಿದ್ದಾಯಿತು. ಭಾರಕ್ಕಿಂತ ಹೆಚ್ಚು ತಲೆಬಿಸಿ ತಂದದ್ದು ತೂಗಾಟ. ನಡೆಯುವವರ ಹೆಜ್ಜೆ ಸೆಕೆಂಡಿಗೆ ಸುಮಾರು ಎರಡರಂತೆ ಬೀಳುತ್ತದೆ. ಸೇತುವೆಯ ಸಹಜ ಕಂಪನ ಆ ಲಯಕ್ಕೆ ಹತ್ತಿರವಾದರೆ ಮುರಿಯದಿದ್ದರೂ ಜನ ಹೆದರುತ್ತಾರೆ. ಲಂಡನ್ನಿನ ಮಿಲೇನಿಯಂ ಪಾದಚಾರಿ ಸೇತುವೆಯನ್ನು 2000ದ ಜೂನ್‌ನಲ್ಲಿ ತೆರೆದ ಎರಡೇ ದಿನಕ್ಕೆ ಅಡ್ಡ ತೂಗಾಟದಿಂದಾಗಿ ಮುಚ್ಚಬೇಕಾಗಿ ಬಂದಿತ್ತು. ನಾವು ಸೇತುವೆಯ ಉದ್ದವನ್ನು ನಡುವೆ ಒಂದು ಕಾಲು ಕೊಟ್ಟು ಮುರಿದೆವು, ಚೆಂದಕ್ಕೆ ಸ್ವಲ್ಪ ಕೊರತೆಯಾದರೂ.

ಕಾಲಡಿಯ ಹಾಸಿನ ಬಗ್ಗೆ ತಂಡದೊಳಗೇ ಎರಡು ಪಕ್ಷಗಳಿದ್ದವು. ಮರದ ಹಲಗೆ ಮಲೆನಾಡಿನ ಮಳೆಯಲ್ಲಿ ಪಾಚಿ ಹಿಡಿದು ಜಾರುತ್ತದೆ. ಉಕ್ಕಿನ ಜಾಲರಿ ಜಾರುವುದಿಲ್ಲ, ಮಳೆ ಮತ್ತು ಬೆಳಕು ಅದರ ಮೂಲಕ ಇಳಿದು ಕೆಳಗಿನ ಗಿಡಗಳು ಬದುಕುತ್ತವೆ. ಆದರೆ ಕೆಳಗೆ ಪಾತಾಳ ಕಾಣುವುದರಿಂದ ಅನೇಕರ ಕಾಲು ಏಳುವುದೇ ಇಲ್ಲ. ಸಾರುವೆಯ ಮೇಲೆ ಎರಡನ್ನೂ ಹಾಸಿ ಜನರನ್ನು ನಡೆಸಿ ನೋಡಿದಾಗ, ಭಯ ಬರುವುದು ಕಣ್ಣು ಕೆಳಕ್ಕೆ ಹೋಗುವ ಅಂಚಿನಲ್ಲಿ ಮತ್ತು ಮೊದಲ ಹೆಜ್ಜೆಯಲ್ಲಿ ಎಂಬುದು ತಿಳಿಯಿತು. ಸೇತುವೆಯ ಮೊದಲ ಭಾಗಕ್ಕೆ ಮತ್ತು ಎಲ್ಲ ಅಟ್ಟಣಿಗೆಗಳ ನಡುವಿಗೆ ಕಣ್ಣು ಕಿರಿದಾದ ಜಾಲರಿ, ಅಂಚಿಗೆ ಮಾತ್ರ ಅಗಲ ಕಣ್ಣಿನ ಜಾಲರಿ ಹಾಕಿದೆವು. ಕೂತವರ, ಮಕ್ಕಳ ಮತ್ತು ಗಾಲಿಕುರ್ಚಿಯವರ ಕಣ್ಣಿನ ಮಟ್ಟಕ್ಕೆ ಅಡ್ಡಪಟ್ಟಿ ಬರದಂತೆ ರೇಲಿಂಗಿಗೆ ತೆಳು ಕಂಬಿಗಳನ್ನು ಉದ್ದಕ್ಕೆ ನಿಲ್ಲಿಸಿದೆವು. ಅಡ್ಡಪಟ್ಟಿಗಳಿದ್ದರೆ ಮಕ್ಕಳು ಅವನ್ನೇ ಏಣಿ ಮಾಡಿಕೊಳ್ಳುತ್ತಾರೆ ಎಂಬ ಕಾರಣವೂ ಇತ್ತು. ಗಾಜನ್ನು ಎಲ್ಲಿಯೂ ಬಳಸಲಿಲ್ಲ. ಕಾಡಿನಂಚಿನಲ್ಲಿ ಗಾಜಿಗೆ ಮರಗಳ ಬಿಂಬ ಬಿದ್ದರೆ ಹಕ್ಕಿಗಳಿಗೆ ಅದೂ ಕಾಡೇ. ಡಿಕ್ಕಿ ಹೊಡೆದು ಸಾಯುತ್ತವೆ.

ಹೆಜ್ಜೇನು

ಜಾಗದಿಂದ ಕೂಗಳತೆಯಲ್ಲಿದ್ದ ಗೋಳಿಮರದಲ್ಲಿ ಪ್ರತಿವರ್ಷ ಮಳೆ ಮುಗಿದ ಮೇಲೆ ಹೆಜ್ಜೇನು ಬಂದು ಕೂರುತ್ತದೆ ಎಂದು ತಿಳಿಸಿದವರೂ ಆ ವಾಚರೇ. ಹೆಜ್ಜೇನು ಒಂದೇ ದೊಡ್ಡ ಎರಿಯನ್ನು ಕೊಂಬೆಯ, ಬಂಡೆಯ ಅಥವಾ ಕಟ್ಟಡದ ಚಾಚಿನ ತಳಕ್ಕೆ ತೂಗುಬಿಡುತ್ತದೆ. ಎತ್ತರದ ನೀರಿನ ಟ್ಯಾಂಕುಗಳ ಕೆಳಗೆ ಸಾಲಾಗಿ ಜೋತುಬಿದ್ದಿರುವುದನ್ನು ಎಲ್ಲರೂ ನೋಡಿದ್ದೇವೆ. ಮೊದಲ ನಕ್ಷೆಯ ಕಾಂಕ್ರೀಟ್ ಚಾವಣಿಯ ಅಗಲವಾದ ಸೂರು ಅದಕ್ಕೆ ಹೇಳಿಮಾಡಿಸಿದ ಜಾಗ. ಕಿರಿದಾದ ಮೆಟ್ಟಿಲಿನಲ್ಲಿ ಜನ ಇರುವಾಗ ಹೆಜ್ಜೇನು ಎದ್ದರೆ ಏನಾಗುತ್ತದೆಂದು ಊಹಿಸಬಹುದು. ಆದ್ದರಿಂದ ನೆತ್ತಿಯ ಅಟ್ಟಣಿಗೆಗೆ ಚಾವಣಿಯನ್ನೇ ಕೊಡಲಿಲ್ಲ, ಹಾಸುಗಳ ತಳದಲ್ಲಿ ಎಲ್ಲಿಯೂ ಮುಚ್ಚಿದ ಸಮತಟ್ಟು ಮೇಲ್ಮೈ ಬರದಂತೆ ನೋಡಿಕೊಂಡೆವು, ಇಳಿಯುವ ಮೆಟ್ಟಿಲಿನ ಅಗಲವನ್ನು ಹೆಚ್ಚಿಸಿದೆವು. ಗೋಳಿಮರದ ಹೆಜ್ಜೇನನ್ನು ಓಡಿಸಿಬಿಡೋಣ ಎಂಬ ಸಲಹೆ ಬಂದಾಗ ಅದನ್ನು ಒಪ್ಪದಿದ್ದವರಲ್ಲಿ ಊರಿನ ತೋಟಗಾರರೇ ಮುಂದಿದ್ದರು. ಬದಲಿಗೆ ಜೇನು ಇರುವ ತಿಂಗಳುಗಳಲ್ಲಿ ಮೇಲಿನ ಅಟ್ಟಣಿಗೆಯನ್ನು ಮುಚ್ಚುವ ಅಧಿಕಾರವನ್ನು ಸ್ಥಳದ ಕಾವಲುಗಾರರಿಗೇ ಬರಹದಲ್ಲಿ ಕೊಡಲಾಯಿತು. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಗೂ ಅದೇ ಅಧಿಕಾರ ಅನ್ವಯಿಸುತ್ತದೆ. ಮೇಲಧಿಕಾರಿಯ ಫೋನಿಗೆ ಕಾಯುವ ಹೊತ್ತು ಸಿಡಿಲಿಗೂ ಇಲ್ಲ, ಜೇನಿಗೂ ಇಲ್ಲ.

ತೆರೆದ ಮೇಲೆ

ಗೋಪುರ ತೆರೆದ ಬಳಿಕ ನಾವು ಬಯಸಿದಂತೆ ನಡೆದದ್ದು ನಡು ಅಟ್ಟಣಿಗೆಯಲ್ಲಿ. ಜನ ಅಲ್ಲಿ ಕೂರುತ್ತಾರೆ. ಕೆಂದಳಿಲು ಹೆಬ್ಬಲಸಿನ ಹಣ್ಣು ಬಿಡಿಸುವುದನ್ನು, ಗೋಳಿ ಹಣ್ಣಾದ ಕಾಲದಲ್ಲಿ ಮಂಗಟ್ಟೆಗಳು ಬಂದಿಳಿಯುವುದನ್ನು ನೋಡಿದವರು ಮತ್ತೆ ಬರುತ್ತಾರೆ. ಮಳೆಗಾಲದಲ್ಲಿ ಉಂಬಳಕ್ಕೆ ಹೆದರದೆ ಬರುವ ಸಣ್ಣ ಗುಂಪುಗಳಿಗೆ ಅಲ್ಲಿ ಕಿವಿಗೇ ಕೆಲಸ: ಮಳೆ ಧೂಪದ ಎಲೆಯ ಮೇಲೆ ಬೀಳುವ ಸದ್ದು ಬೇರೆ, ಬೈನೆಯ ಮೇಲೆ ಬೀಳುವ ಸದ್ದು ಬೇರೆ ಎಂಬುದನ್ನು ಊರಿನ ಮಾರ್ಗದರ್ಶಿ ಹುಡುಗರು ನಿಲ್ಲಿಸಿ ಕೇಳಿಸುತ್ತಾರೆ. ಈ ಹುಡುಗರಿಲ್ಲದಿದ್ದರೆ ಗೋಪುರ ಅರ್ಧವೇ ಸರಿ. ಓತಿ ಯಾವ ಕಾಂಡದ ಮೇಲಿದೆ ಎಂದು ತೋರಿಸಲು ಫಲಕಕ್ಕೆ ಆಗುವುದಿಲ್ಲ. ನಾವು ಹಾಕಿಸಿದ ಮುದ್ರಿತ ಫಲಕಗಳು ಮೊದಲ ಮಳೆಗಾಲಕ್ಕೇ ಬೂಷ್ಟು ಹಿಡಿದವು, ದೂರದರ್ಶಕದ ಗಾಜಿನೊಳಗೆ ಮಂಜು ಕೂತಿತು. ಎರಡನ್ನೂ ತೆಗೆಸಲಾಯಿತು, ಯಾರೂ ಕೇಳಲಿಲ್ಲ.

ಸುಲಭವಾಗಿ ಬಗೆಹರಿಯದೆ ಉಳಿದದ್ದು ನೆತ್ತಿಯ ಅಟ್ಟಣಿಗೆ. ಭಾನುವಾರಗಳಂದು ಅಲ್ಲಿ ಫೋಟೊಕ್ಕಾಗಿ ಸಾಲು ನಿಲ್ಲುತ್ತದೆ, ಗದ್ದಲ ಕೆಳಗಿನ ಅಟ್ಟಣಿಗೆಯ ಮೌನವನ್ನೂ ಕೆಡಿಸುತ್ತದೆ. ಒಮ್ಮೆಗೆ 15 ಜನ ಎಂಬ ಮಿತಿ ಹಾಕಿದ್ದು ಭಾರಕ್ಕಾಗಿ ಅಲ್ಲ. ಲೆಕ್ಕದ ಪ್ರಕಾರ ಅದಕ್ಕಿಂತ ಬಹಳ ಹೆಚ್ಚು ಜನರನ್ನು ಅದು ಹೊರುತ್ತದೆ. ಅದನ್ನು ಬಲ್ಲ ಕೆಲವರು ಕಾವಲುಗಾರರೊಂದಿಗೆ ವಾದಕ್ಕಿಳಿಯುತ್ತಾರೆ. ಮಿತಿಯ ಕಾರಣವನ್ನು ಸುರಕ್ಷತೆ ಎಂದು ಬರೆಯದೆ ಇದ್ದದ್ದನ್ನು ಇದ್ದಂತೆ, ಕಾಡಿನ ಸದ್ದು ಕೇಳಲಿ ಎಂದು, ಬರೆಯಬೇಕೆಂದು ನಾವು ಒತ್ತಾಯಿಸಿ ಬರೆಸಿದೆವು. ಮೊದಲಿಗಿಂತ ವಾದ ಕಡಿಮೆಯಾಗಿದೆ ಎನ್ನುತ್ತಾರೆ ಕಾವಲುಗಾರರು.

ಮುಂದಿನ ಕೆಲಸಗಳಿಗೆ

ಇಂಥ ಯೋಜನೆಯ ಟೆಂಡರಿಗೆ ಮೊದಲು ಬರೆಯಬೇಕಾದದ್ದು ಎತ್ತರವಲ್ಲ ಎಂಬುದು ಈ ಪ್ರಕರಣದಿಂದ ನನಗೆ ಖಚಿತವಾಗಿದೆ. ಸಂದರ್ಶಕರು ಏನನ್ನು, ಎಷ್ಟು ಹತ್ತಿರದಿಂದ, ವರ್ಷದ ಯಾವ ತಿಂಗಳಲ್ಲಿ ನೋಡಬೇಕು ಎಂದು ಬರೆದರೆ ಎತ್ತರ ತಾನಾಗಿ ಹೊರಡುತ್ತದೆ. ಎತ್ತರ ಮೊದಲು ಬರೆದರೆ ಜಾಗ, ರಸ್ತೆ, ಕಾಂಕ್ರೀಟು ಎಲ್ಲವೂ ಅದರ ಹಿಂದೆ ಬರುತ್ತವೆ. ಸಾರುವೆಯ ಮಾದರಿಗೆ ಮತ್ತು ಬಲೂನಿಗೆ ಅಂದಾಜುಪಟ್ಟಿಯಲ್ಲಿಯೇ ಹಣ ಇಡಬೇಕು, ಏಕೆಂದರೆ ನಮ್ಮಲ್ಲಿ ಎರಡು ದೊಡ್ಡ ತೀರ್ಮಾನಗಳನ್ನು ಬದಲಿಸಿದ್ದು ಅವೇ. ಮಳೆಗಾಲಕ್ಕೆ ಮುಂಚೆ ಮತ್ತು ಮುಗಿದ ಮೇಲೆ ಬೋಲ್ಟುಗಳ ಬಿಗಿತ, ಸತುವಿನ ಲೇಪ, ಸಿಡಿಲುವಾಹಕದ ಭೂಸಂಪರ್ಕ ಪರೀಕ್ಷಿಸುವ ಖರ್ಚನ್ನು ನಿರ್ವಹಣೆಯ ಹೆಸರಿನಲ್ಲಿ ಮುಂದಕ್ಕೆ ತಳ್ಳದೆ ಕಾಮಗಾರಿಯ ಭಾಗವಾಗಿಯೇ ಕಟ್ಟಿಕೊಳ್ಳಬೇಕು. ಜಂಬಿಟ್ಟಿಗೆ ನೆಲ ಬೇಸಿಗೆಯಲ್ಲಿ ಒಣಗಿ ಭೂಸಂಪರ್ಕ ದುರ್ಬಲವಾಗುವುದು ಸಿಡಿಲಿನ ಕಾಲದಲ್ಲಿಯೇ.

ಈಗ ಸಮಿತಿಯ ಮುಂದಿರುವುದು ಬೇರೊಂದು ವಿಷಯ. ಮೇಲಿನ ಅಟ್ಟಣಿಗೆಯ ಪಶ್ಚಿಮದಲ್ಲಿ ಕಣಿವೆ ಕಾಣಲೆಂದು ಉಳಿಸಿಕೊಂಡಿದ್ದ ಒಂದೇ ಒಂದು ತೆರವಿಗೆ ಪಕ್ಕದ ನಂದಿಮರದ ಕೊಂಬೆಗಳು ಚಾಚುತ್ತಿವೆ, ಇನ್ನು ಕೆಲವೇ ವರ್ಷಗಳಲ್ಲಿ ಸೂರ್ಯಾಸ್ತ ಎಲೆಗಳ ಮರೆಗೆ ಸರಿಯುತ್ತದೆ. ಕೊಂಬೆ ಸವರಬೇಕೆಂದು ಟಿಕೆಟ್ ಹಣದ ಲೆಕ್ಕ ನೋಡುವವರು ಕೇಳುತ್ತಿದ್ದಾರೆ. ಮರಕ್ಕೆ ಕೈ ಹಚ್ಚಬಾರದೆಂದು ಮಾರ್ಗದರ್ಶಿ ಹುಡುಗರು ಹೇಳುತ್ತಿದ್ದಾರೆ. ನಮ್ಮ ತಂಡ ಹುಡುಗರ ಪರವಾಗಿ ಬರಹದಲ್ಲಿ ಅಭಿಪ್ರಾಯ ಕೊಟ್ಟಿದೆ, ಸೂರ್ಯಾಸ್ತಕ್ಕೆ ಬರುವವರಿಗೆ ಹುಲ್ಲುಗಾವಲಿನ ಅಂಚಿನ ಕಾಲುದಾರಿಯಲ್ಲಿ ಕಲ್ಲುಬೆಂಚುಗಳನ್ನು ಹಾಕಲು ಜಾಗವನ್ನೂ ಗುರುತಿಸಿಕೊಟ್ಟಿದೆ. ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ಅದು ಸೇರಿದೆ.